ಭಾಷಣಕಾರರಿಗೆ ಮಾತ್ರ ಸಮುದ್ರ ಸ್ನಾನ

ಮಳೆಗಾಲದಲ್ಲಿ ಶಿರಸಿಯ ಯಾವುದಾದರೂ ಕ್ಲಿನಿಕ್ಕಿನಲ್ಲಿ ಒಂದು ತಾಸು ಕೂತು ನೋಡಿ. ಬೆಂಚಿನ ತುಂಬಾ ಜನ. ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದ ಅಜ್ಜಿ ಟೋಕನ್ ಹಿಡಿದು ಕೆಮ್ಮುತ್ತಿರುತ್ತಾರೆ. ಅಷ್ಟರಲ್ಲಿ ಒಬ್ಬರು ರೈನ್‌ಕೋಟ್ ಕಳಚಿ, ಟೈ ಸರಿ ಮಾಡಿಕೊಂಡು ಬರುತ್ತಾರೆ. ಜ್ವರ ಇಲ್ಲ, ಕೆಮ್ಮಿಲ್ಲ, ಟೋಕನ್ನೂ ಇಲ್ಲ. ಆದರೂ ಸೀದಾ ಒಳಗೆ! "ಪಾಪ, ಅವಂಗೆ ಎಂತಾ ಆಯ್ದೋ ಏನ" ಅಂತ ಅಜ್ಜಿಗೆ ಮರುಕ.

ಬಂದವರು ಔಷಧ ಕಂಪನಿಯ ರೆಪ್, ಅಂದರೆ ಮಾರಾಟ ಪ್ರತಿನಿಧಿ. ಒಳಗೆ ಗೋಡೆಯ ಮೇಲೆ ಕಂಪನಿ ಕೊಟ್ಟ ಕ್ಯಾಲೆಂಡರ್. ಅದರಲ್ಲಿ ಗಣಪತಿ ಚಿಕ್ಕವನು, ಶುಗರ್ ಮಾತ್ರೆಯ ಹೆಸರು ದೊಡ್ಡದು. ಪೆನ್ನಿನ ಮೇಲೂ ಅದೇ ಹೆಸರು. ಚೀಟಿಯಲ್ಲೂ ಅದೇ ಹೆಸರು ಬಂದರೆ ಅದು ಪೆನ್ನಿನ ತಪ್ಪು, ಅಲ್ವಾ? ಆ ಅಕ್ಷರ ಓದಲು ಬರುವುದು ಪಕ್ಕದ ಮೆಡಿಕಲ್ ಶಾಪಿನವರಿಗೆ ಮಾತ್ರ. ಮಾತ್ರೆ ಸಿಗುವುದೂ ಅಲ್ಲಿ ಮಾತ್ರ. (ರೆಪ್‌ಗಳನ್ನು ಬಾಗಿಲಲ್ಲೇ ವಾಪಸ್ ಕಳಿಸುವ ಡಾಕ್ಟರುಗಳೂ ನಮ್ಮಲ್ಲಿದ್ದಾರೆ. ಅವರ ಗೋಡೆಯಲ್ಲಿ ಸೊಸೈಟಿಯ ಕ್ಯಾಲೆಂಡರ್ ತೂಗುತ್ತಿರುತ್ತದೆ.)

ಬ್ರಾಂಡ್ ಬಿಟ್ಟು ಔಷಧದ ಮೂಲ ಹೆಸರನ್ನೇ ಬರೆಯಿರಿ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ ಆರಂಭದಲ್ಲಿ ನಿಯಮ ತಂದಿತ್ತು. ತಿಂಗಳು ಮುಗಿಯುವುದರೊಳಗೆ ತಾನೇ ತಡೆಹಿಡಿಯಿತು. ಆ ವರ್ಷ ಚೌತಿಗೂ ಮೊದಲೇ ವಿಸರ್ಜನೆ ಆದದ್ದು ಇದೊಂದೇ.

ಅದಕ್ಕೂ ಹಿಂದೆ, 2022ರಲ್ಲಿ, ಒಂದು ಔಷಧ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಡಾಕ್ಟರುಗಳಿಗೆ ಕೊಟ್ಟ ಉಡುಗೊರೆಯ ಖರ್ಚಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಬೇಕಿತ್ತಂತೆ. ವಾದ ಏನು ಗೊತ್ತಾ? ಉಡುಗೊರೆ ತೆಗೆದುಕೊಳ್ಳಬಾರದು ಅಂತ ನಿಯಮ ಇರುವುದು ಡಾಕ್ಟರಿಗೆ, ಕಂಪನಿಗಲ್ಲ. ಅಂದರೆ ತೆಗೆದುಕೊಂಡರೆ ತಪ್ಪು, ಕೊಟ್ಟರೆ ವ್ಯಾಪಾರ. ಕೋರ್ಟು ಒಪ್ಪಲಿಲ್ಲ. ಒಪ್ಪಿದ್ದರೆ ಅಜ್ಜಿ ಮಾತ್ರೆಗೂ ದುಡ್ಡು ಕೊಟ್ಟು, ಉಡುಗೊರೆಯ ತೆರಿಗೆ ಪಾಲನ್ನೂ ಹೊರಬೇಕಿತ್ತು.

ಈಗ ಎಲ್ಲ ಶುದ್ಧ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಮಾರಾಟಕ್ಕೆ ಹೊಸ ಸಂಹಿತೆ ತಂದಿದೆ. ಉಡುಗೊರೆ ಬಂದ್. ಪುಸ್ತಕ, ಡೈರಿ, ಕ್ಯಾಲೆಂಡರ್ ಕೊಡಬಹುದು, ಒಂದೊಂದರ ಬೆಲೆ 1000 ರೂಪಾಯಿ ಮೀರಬಾರದು. ಯಾರಾದರೂ ತಪ್ಪಿದರೆ ದೂರು ಕೊಡಿ. ವಿಚಾರಣೆ ಮಾಡುವುದು ಔಷಧ ಕಂಪನಿಗಳ ಸಂಘದ ಸಮಿತಿ. ದೂರಿನ ಜೊತೆ 1000 ರೂಪಾಯಿ ಕಟ್ಟಬೇಕು, ಅದು ವಾಪಸ್ ಬರುವುದಿಲ್ಲ. ಡಾಕ್ಟರಿಗೆ ಬರುವ ಡೈರಿಗೂ ಅಜ್ಜಿ ಕೊಡುವ ದೂರಿಗೂ ಒಂದೇ ರೇಟು. ಇದಕ್ಕಿಂತ ಸಮಾನತೆ ಬೇಕಾ?

ನನಗೆ ತುಂಬಾ ಇಷ್ಟವಾದದ್ದು ಪ್ರವಾಸದ ಭಾಗ. ಡಾಕ್ಟರಿಗಾಗಲಿ ಮನೆಯವರಿಗಾಗಲಿ ವಿಮಾನ, ರೈಲು, ಹಡಗಿನ ಟಿಕೆಟ್ ಕೊಡುವ ಹಾಗಿಲ್ಲ. ಹೋಟೆಲ್ ವಾಸವೂ ಇಲ್ಲ. ವಿದೇಶದಲ್ಲಿ ಕಾನ್ಫರೆನ್ಸ್ ಅಂತೂ ಇಲ್ಲವೇ ಇಲ್ಲ. ಆದರೆ ಡಾಕ್ಟರು ಭಾಷಣಕಾರರಾಗಿದ್ದರೆ ಟಿಕೆಟ್, ಹೋಟೆಲ್ ನಿಷೇಧದಿಂದ ವಿನಾಯಿತಿ.

ಉತ್ತರ ಕನ್ನಡಕ್ಕೆ ಇದಕ್ಕಿಂತ ಒಳ್ಳೆ ಕಾಲ ಬರಲಿಕ್ಕಿಲ್ಲ. ಬ್ಯಾಂಕಾಕ್ ಬಾಗಿಲು ಮುಚ್ಚಿತು ಅಂತ ಕೊರಗುವುದು ಯಾಕೆ? ಕಾರವಾರದಲ್ಲಿ ದೇವಬಾಗ ಇದೆ, ಗೋಕರ್ಣದಲ್ಲಿ ಓಂ ಬೀಚ್ ಇದೆ. ಇನ್ನೂರು ಡಾಕ್ಟರನ್ನು ಕರೆಯಿರಿ, ಇನ್ನೂರು ಜನರನ್ನೂ ಭಾಷಣಕಾರರು ಮಾಡಿ. ಕೆಳಗೆ ಕೇಳುವವರು ಒಬ್ಬರೂ ಇಲ್ಲದಿದ್ದರೆ ಏನು, ಎಷ್ಟು ಸಾಹಿತ್ಯ ಗೋಷ್ಠಿ ಹಾಗೇ ನಡೆದಿಲ್ಲ? ಒಬ್ಬೊಬ್ಬರಿಗೆ ಎರಡು ನಿಮಿಷ. ಬೆಳಿಗ್ಗೆ ಕೊಲೆಸ್ಟ್ರಾಲ್ ಮೇಲೆ ಮಾತು, ಮಧ್ಯಾಹ್ನ ಕಾಣೆ ಫ್ರೈ, ಸಂಜೆ ಡಾಲ್ಫಿನ್ ನೋಡಲು ದೋಣಿ. ದೋಣಿ ಹಡಗಲ್ಲ, ಟಿಕೆಟ್ ತಂಟೆಯೂ ಇಲ್ಲ.

ಒಂದೇ ಚಿಂತೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆಯ ಜನ 2022ರಲ್ಲಿ ಬೀದಿಗಿಳಿದಿದ್ದರು. ಇವತ್ತಿಗೂ ಜೋರು ಎದೆನೋವು ಬಂದರೆ ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾ ದಾರಿ. ಹೃದ್ರೋಗ ಗೋಷ್ಠಿಯ ನಡುವೆ ಇನ್ನೂರು ಡಾಕ್ಟರುಗಳ ಎದುರೇ ಒಬ್ಬರು ಎದೆ ಹಿಡಿದುಕೊಂಡು ಕುಸಿದರೆ, ಅವರನ್ನೂ ಆಂಬುಲೆನ್ಸಿಗೆ ಹಾಕಿ ನೂರು ಕಿಲೋಮೀಟರ್ ದಾಟಿಸಬೇಕು. ಬಾಡಿಗೆಯನ್ನು ಕಂಪನಿಯೇ ಕೊಡಲಿ. ಭಾಷಣ ಮುಗಿಸಿಯೇ ಬಿದ್ದಿದ್ದಾರೋ ಅಂತ ಮಾತ್ರ ಮೊದಲು ವಿಚಾರಿಸಿಕೊಳ್ಳಿ.