ಅಡ್ಮಿಟ್ ಆದರೆ ಮಾತ್ರ ವಿಮೆಯೇ?

ಜರ್ಮನಿಗೆ ಓದಲು ಹೊರಟ ನಮ್ಮ ಕಡೆಯ ಮಕ್ಕಳು ಆರೋಗ್ಯ ವಿಮೆಯ ಬಗ್ಗೆ ವಿಚಾರಿಸುವಾಗ ಮೊದಲು ಕೇಳುವುದು, 'ಯಾವುದು ಅಗ್ಗ, ಸರ್?' ಎಂದು. ಕೇಳುವುದರಲ್ಲಿ ತಪ್ಪೇನಿಲ್ಲ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೊ ಇಟ್ಟು, ತಿಂಗಳಿಗೆ 992 ಯೂರೊದಂತೆ ತೆಗೆದು ಬದುಕಬೇಕಾದವರಿಗೆ ಸಾರ್ವಜನಿಕ ವಿಮಾ ಸಂಸ್ಥೆ ತಿಂಗಳಿಗೆ ಕೇಳುವ ಸುಮಾರು 150 ಯೂರೊ ಭಾರವೇ ಸರಿ. ಅದರ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಖಾಸಗಿ ಪಾಲಿಸಿ ಸಿಗುತ್ತದೆಂದು ಏಜೆಂಟರು ಹೇಳಿದರೆ ಯಾರಿಗಾದರೂ ಮನಸ್ಸು ವಾಲುತ್ತದೆ. ಆದರೆ ಈ ಲೆಕ್ಕಾಚಾರದ ಹಿಂದೆ ಊರಿನಿಂದ ಬಂದ ಒಂದು ಅಭ್ಯಾಸ ಕೆಲಸ ಮಾಡುತ್ತಿದೆ ಎಂಬುದು, ಇಲ್ಲಿ ಜರ್ಮನಿಯಲ್ಲಿ ನೆಲೆಸಿ ಇಂಥ ಹಲವು ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ, ನನಗೆ ಬಂದಿರುವ ಅಭಿಪ್ರಾಯ.

ನಮ್ಮಲ್ಲಿ ಆರೋಗ್ಯ ವಿಮೆಯೆಂದರೆ ಆಸ್ಪತ್ರೆಗೆ ಸೇರಿದಾಗಿನ ಮಾತು. ಜ್ವರ ಬಂದರೆ ಬಡಾವಣೆಯ ಡಾಕ್ಟರಿಗೆ ಫೀಸು ಕೊಟ್ಟು, ಪಕ್ಕದ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೊಂಡು ಮನೆಗೆ ಬರುತ್ತೇವೆ. ಪಾಲಿಸಿಯ ನೆನಪೂ ಆಗುವುದಿಲ್ಲ. ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿದ್ದರಷ್ಟೇ ಕ್ಲೇಮ್. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಗಮನವೂ ಮುಖ್ಯವಾಗಿ ಆಸ್ಪತ್ರೆಯ ದೊಡ್ಡ ಖರ್ಚಿನ ಮೇಲೆಯೇ ಇದೆ. ಇಪ್ಪತ್ತೆರಡು ವರ್ಷದ ಗಟ್ಟಿಮುಟ್ಟಾದ ಹುಡುಗನಿಗೆ ಅಂಥ ವಿಮೆ ಏಕೆಂದು ಮನೆಯವರು ಕೇಳಿದರೆ, ಆ ವ್ಯವಸ್ಥೆಯೊಳಗೆ ನಿಂತು ನೋಡಿದಾಗ, ಅದು ಅಸಂಬದ್ಧವಾದ ಪ್ರಶ್ನೆಯಲ್ಲ.

ಜರ್ಮನಿಯ ಸಾರ್ವಜನಿಕ ವಿಮೆ ಹುಟ್ಟಿದ್ದೇ ಬೇರೆ ತಳಹದಿಯ ಮೇಲೆ. 1883ರಲ್ಲಿ, ಬಿಸ್ಮಾರ್ಕ್ ದೇಶದ ಚಾನ್ಸಲರ್ ಆಗಿದ್ದ ಕಾಲದ ಕಾನೂನಿನಿಂದ ಕಾರ್ಮಿಕರಿಗಾಗಿ ಆರಂಭವಾದ ಈ ಏರ್ಪಾಡು ಇಂದು ಸಾಮಾನ್ಯ ವೈದ್ಯರ ಭೇಟಿಯಿಂದಲೇ ಶುರುವಾಗುತ್ತದೆ. ಕ್ಲಿನಿಕ್ಕಿನ ಕೌಂಟರಿನಲ್ಲಿ ಕಾರ್ಡ್ ಕೊಟ್ಟರೆ ಅಲ್ಲಿಯ ಸಿಬ್ಬಂದಿ ಅದನ್ನು ಒಂದು ಪುಟ್ಟ ಯಂತ್ರಕ್ಕೆ ತೂರಿಸಿ ಹಿಂದಿರುಗಿಸುತ್ತಾರೆ. ಮುಂದಿನ ತ್ರೈಮಾಸಿಕದಲ್ಲಿ ಹೋದರೆ ಮತ್ತೊಮ್ಮೆ ತೋರಿಸಬೇಕು, ಅಷ್ಟೇ. ಬಿಲ್ಲು ನಮ್ಮ ಕೈಗೆ ಬರುವುದೇ ಇಲ್ಲ. ವೈದ್ಯರು ಬರೆದುಕೊಟ್ಟ ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೊ, ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೊ, ಅದೂ ವರ್ಷಕ್ಕೆ ಗರಿಷ್ಠ 28 ದಿನ ಮಾತ್ರ ನಮ್ಮ ಪಾಲು. ಕನ್ನಡಕದ ಖರ್ಚನ್ನು ಮಾತ್ರ ಬಹುತೇಕ ನಾವೇ ಭರಿಸಬೇಕು. ಅದನ್ನು ಊರಿನಲ್ಲೇ ಮಾಡಿಸಿಕೊಂಡು ಬರುವುದು ಜಾಣತನ. ಸೇರುವಾಗ ನಿಮಗೆ ಆಸ್ತಮಾ ಇದೆಯೇ, ಥೈರಾಯ್ಡ್ ಮಾತ್ರೆ ನುಂಗುತ್ತೀರೇ ಎಂದು ಕೇಳಿ ಪ್ರೀಮಿಯಂ ಏರಿಸುವಂತಿಲ್ಲ. ಟಿಕೆ, ಎಒಕೆ, ಬಾರ್ಮರ್ ಮುಂತಾದ ಸಾರ್ವಜನಿಕ ವಿಮಾ ಸಂಸ್ಥೆಗಳು ಕೊಡುವ ಸೌಲಭ್ಯಗಳಲ್ಲಿ ಬಹುಪಾಲು ಕಾನೂನಿನಿಂದಲೇ ನಿಗದಿಯಾಗಿರುವುದರಿಂದ, ಇವುಗಳಲ್ಲಿ ಯಾವುದೆಂದು ತಲೆ ಕೆಡಿಸಿಕೊಳ್ಳುವ ಅಗತ್ಯವೂ ಇಲ್ಲ.

ಅಗ್ಗದ ಖಾಸಗಿ ಪಾಲಿಸಿಗಳಲ್ಲಿ ಅನೇಕವು ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುತ್ತವೆ, ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಕಡಿವಾಣ ಹಾಕುತ್ತವೆ, ಬಿಲ್ಲನ್ನು ಮೊದಲು ನಾವೇ ಕಟ್ಟಿ ಆಮೇಲೆ ವಸೂಲಿಗೆ ಕಾಯುವಂತೆ ಮಾಡುತ್ತವೆ. ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಮೂವತ್ತು ವರ್ಷದೊಳಗಿನ ವಿದ್ಯಾರ್ಥಿ ಖಾಸಗಿ ವಿಮೆ ಆರಿಸಿಕೊಂಡು ಸಾರ್ವಜನಿಕ ವಿಮೆಯಿಂದ ವಿನಾಯಿತಿ ಪಡೆಯಬೇಕಾದರೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಒಮ್ಮೆ ಪಡೆದ ವಿನಾಯಿತಿಯನ್ನು ಆ ಓದು ಮುಗಿಯುವವರೆಗೆ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಮೊದಲ ಚಳಿಗಾಲದ ಒಂಟಿತನದಲ್ಲಿ ಆಪ್ತ ಸಮಾಲೋಚನೆ ಬೇಕೆನಿಸಿದಾಗ, ಅಥವಾ ಕ್ರಿಕೆಟ್ ಆಡುವಾಗ ಮೊಣಕಾಲು ತಿರುಚಿ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕಾದಾಗ, 'ಈಗ ಸಾರ್ವಜನಿಕ ವಿಮೆಗೇ ಬದಲಾಯಿಸಿಕೊಳ್ಳುತ್ತೇನೆ' ಎಂದರೆ ದಾರಿಯಿಲ್ಲ. ವಿದೇಶಿ ಶಿಕ್ಷಣದ ಸಲಹಾ ಕಚೇರಿಗಳು ವೀಸಾ ಪ್ಯಾಕೇಜಿನ ಜೊತೆಗೆ ವಿಮೆಯನ್ನೂ ಮಾರುವಾಗ ಈ ಒಂದು ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕಿತ್ತು. ನನಗೆ ಫೋನ್ ಮಾಡಿದವರಲ್ಲಿ ಇದನ್ನು ಕೇಳಿ ತಿಳಿದಿದ್ದವರು ಕಡಿಮೆ.

ಹಾಗೆಂದು ಖಾಸಗಿ ವಿಮೆಯೆಲ್ಲ ಮೋಸವೆಂದಲ್ಲ. ಮೂವತ್ತು ದಾಟಿ ಸ್ನಾತಕೋತ್ತರ ಪದವಿಗೆ ಬರುವವರಿಗೆ ಸಾರ್ವಜನಿಕ ವಿಮೆಯ ವಿದ್ಯಾರ್ಥಿ ದರ ಸಿಗುವುದಿಲ್ಲ. ಬರೀ ಭಾಷಾ ಕೋರ್ಸಿಗೆ ಬರುವವರಿಗೂ ಅದು ಅನ್ವಯಿಸದು. ಅಂಥವರಿಗೆ ಖಾಸಗಿಯೇ ಗತಿ, ಆದರೆ ಹೊರಗಿಟ್ಟ ಕಾಯಿಲೆಗಳ ಪಟ್ಟಿಯನ್ನು ಪ್ರೀಮಿಯಂಗಿಂತ ಮೊದಲು ಓದಬೇಕು.

ಅಮೆರಿಕಕ್ಕೆ ಹೋದವರ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ವಿನಿಮಯ ಕಾರ್ಯಕ್ರಮಗಳಿಗೆ ಕೊಡುವ ಜೆ-1 ವೀಸಾದವರಿಗೆ ವಿಮೆಯನ್ನು ಸರ್ಕಾರವೇ ಕಡ್ಡಾಯ ಮಾಡಿದೆ. ಸಾಮಾನ್ಯ ವಿದ್ಯಾರ್ಥಿ ವೀಸಾವಾದ ಎಫ್-1ರಲ್ಲಿ ಹೋದವರ ವಿಷಯದಲ್ಲಿ ಆಯಾ ವಿಶ್ವವಿದ್ಯಾಲಯದ ನಿಯಮವೇ ಮುಖ್ಯ. ಅನೇಕ ಕಡೆ ಫೀಸಿನೊಂದಿಗೆ ಕಾಲೇಜಿನ ಪ್ಲಾನಿನ ಹಣವನ್ನೂ ಸೇರಿಸಿಬಿಡುತ್ತಾರೆ, ಬೇಡವೆಂದರೆ ಗಡುವಿನೊಳಗೆ ಬೇರೆ ಪಾಲಿಸಿ ತೋರಿಸಿ ವೇವರ್, ಅಂದರೆ ವಿನಾಯಿತಿ, ಕೇಳಬೇಕು. ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮುಂಚೆ ನಾವೇ ಕಟ್ಟಬೇಕಾದ ಮೊತ್ತ) ಎಷ್ಟು, ಯಾವ ಆಸ್ಪತ್ರೆ ವಿಮಾ ಕಂಪನಿಯ ನೆಟ್‌ವರ್ಕಿನಲ್ಲಿದೆ ಎಂದು ಪಾಠದಂತೆ ಓದಿಕೊಂಡವರಷ್ಟೇ ಅಲ್ಲಿ ನೆಮ್ಮದಿಯಿಂದಿರುತ್ತಾರೆ. ಆ ಮಾಹಿತಿಯ ಹೊರೆ ಇಲ್ಲಿಲ್ಲ ಎಂಬುದಕ್ಕಾದರೂ 150 ಯೂರೊ ಕೊಡಬಹುದೆಂದು ನನಗೆ ಅನಿಸುತ್ತದೆ.

ಇನ್ನು ಊರಿನ ಪಾಲಿಸಿ. ಮಗ ಹೊರದೇಶಕ್ಕೆ ಹೋದನೆಂದು ಅವನ ಹೆಸರನ್ನು ಫ್ಯಾಮಿಲಿ ಫ್ಲೋಟರ್‌ನಿಂದ, ಅಂದರೆ ಇಡೀ ಕುಟುಂಬಕ್ಕೆ ಸೇರಿ ಇರುವ ಪಾಲಿಸಿಯಿಂದ, ತೆಗೆಸುವ ತಂದೆತಾಯಂದಿರಿದ್ದಾರೆ. ಅಂಥ ಪಾಲಿಸಿ ಸಾಮಾನ್ಯವಾಗಿ ಭಾರತದೊಳಗಷ್ಟೇ ಚಿಕಿತ್ಸೆಗೆ ಬರುತ್ತದೆ, ನಿಜ. ಆದರೆ ತೆಗೆಸಿದ ಮೇಲೆ ಮರಳಿ ಬಂದು ಹೊಸದಾಗಿ ಕೊಂಡರೆ, ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಸಿಗದ ಗರಿಷ್ಠ ಮೂರು ವರ್ಷದ ಕಾಯುವ ಅವಧಿ ಮೊದಲಿನಿಂದ ಶುರುವಾಗಬಹುದು. ಅನೇಕ ಪಾಲಿಸಿಗಳಲ್ಲಿ ಅವಲಂಬಿತ ಮಕ್ಕಳಿಗೆ 25ರ ವಯೋಮಿತಿ ಇರುತ್ತದೆ. ಅಷ್ಟರವರೆಗೆ ಹೆಸರು ಉಳಿಸಿಕೊಂಡು, ಆ ವಯಸ್ಸು ಸಮೀಪಿಸಿದಾಗ ಹಳೆಯ ವರ್ಷಗಳ ಲೆಕ್ಕ ಕೈತಪ್ಪದಂತೆ ಅದೇ ಕಂಪನಿಯ ಪ್ರತ್ಯೇಕ ಪಾಲಿಸಿಗೆ ವರ್ಗಾಯಿಸುವಂತೆ ನವೀಕರಣಕ್ಕೆ ಮುಂಚೆಯೇ ಕೇಳಿಕೊಳ್ಳಬೇಕು. ಈ ಪತ್ರವ್ಯವಹಾರವನ್ನು ಮಗ ಜರ್ಮನಿಯಿಂದಲೇ ಇಮೇಲಿನಲ್ಲಿ ಮಾಡಬಹುದು.