ನೀರಿಲ್ಲದ ಬಂದರು, ಓವರ್‌ಟೇಕ್ ಇಲ್ಲದ ರೇಸು

ಈಗಿನ ಕಾಲದಲ್ಲಿ ರೇಸ್ ಟ್ರ್ಯಾಕ್ ಕಟ್ಟುವವರಿಗೆ ಟ್ರ್ಯಾಕ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿ ಕಟ್ಟಲು ಬರುತ್ತದೆ. ಸುಮ್ನೆ ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. 2022ರಲ್ಲಿ ಮಿಯಾಮಿಯಲ್ಲಿ ಮೊದಲ ಸಲ ಫಾರ್ಮುಲಾ ಒನ್ ರೇಸ್ ನಡೆದಾಗ ಟ್ರ್ಯಾಕಿನ ಪಕ್ಕ ಒಂದು ಬಂದರನ್ನೇ ಕಟ್ಟಿದ್ದರು. ಬಂದರು ಅಂದಮೇಲೆ ನೀರು ಇರಬೇಕು ಅಲ್ವಾ? ಇರಲಿಲ್ಲ. ಅದು ಫುಟ್‌ಬಾಲ್ ಸ್ಟೇಡಿಯಂ ಸುತ್ತಲಿನ ಜಾಗ, ಸಮುದ್ರ ಎಲ್ಲೋ ದೂರ. ಹಾಗಾಗಿ ಪ್ಲೈವುಡ್ ಹಾಸಿ, ಅದರ ಮೇಲೆ ಅಲೆಗಳ ಚಿತ್ರ ಇರುವ ಸ್ಟಿಕರ್ ಅಂಟಿಸಿ, ನಿಜವಾದ ದೋಣಿಗಳನ್ನು ತಂದು ಕೂರಿಸಿದ್ದರು. ಆ ನೀಲಿ ಸ್ಟಿಕರ್ ಮೇಲೆ ಜನ ಶೂ ಹಾಕಿಕೊಂಡು ಓಡಾಡಿದರು. ಇಷ್ಟು ಸಲೀಸಾಗಿ ನೀರಿನ ಮೇಲೆ ನಡೆಯುವ ಭಾಗ್ಯ ಪುರಾಣದಲ್ಲೂ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ಇದೆಲ್ಲ ಯಾಕೆ ಅಂದರೆ, ಊರಿನ ಬೀದಿಗಳಲ್ಲೇ ರೇಸ್ ನಡೆಯುವ ಯುರೋಪಿನ ಪುಟ್ಟ ದೇಶ ಮೊನಾಕೋದಲ್ಲಿ ಬಂದರು ಇದೆ. ಮೊನಾಕೋ ಅಂದರೆ ರೇಸಿಂಗ್ ಲೋಕದ ಕಿರೀಟ ಅಂತ ಎಲ್ಲರೂ ಹೇಳುತ್ತಾರೆ. ಕಿರೀಟದಲ್ಲಿ ದೋಣಿ ಇರುವುದರಿಂದ ನಮಗೂ ದೋಣಿ ಬೇಕು ಅಂತ ಯಾರೋ ಮೀಟಿಂಗಿನಲ್ಲಿ ಹೇಳಿರಬೇಕು, ಉಳಿದವರು ಭೇಷ್ ಅಂದಿರಬೇಕು.

ಆದರೆ ಆ ಮೊನಾಕೋದಲ್ಲೇ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. 2024ರ ರೇಸ್. ಮೊದಲ ಲ್ಯಾಪಿನಲ್ಲೇ ಅಪಘಾತ, ಕೆಂಪು ಬಾವುಟ, ರೇಸ್ ನಿಂತಿತು. ಹಾಗೆ ನಿಂತಾಗ ಟೈರ್ ಬದಲಾಯಿಸಿಕೊಳ್ಳಬಹುದು ಅನ್ನುವುದು ನಿಯಮ. ಹೆಚ್ಚುಕಮ್ಮಿ ಎಲ್ಲರೂ ಬದಲಾಯಿಸಿಕೊಂಡರು. ಅಲ್ಲಿಗೆ ಟೈರ್ ಬದಲಾಯಿಸಲು ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದಲ್ಲಿರುವ ತಂಡದ ಜಾಗಕ್ಕೆ, ಬರಲೇಬೇಕು ಅನ್ನುವ ಕಾರಣವೂ ಮುಗಿಯಿತು, ಇನ್ನು ಉಳಿದದ್ದು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಸುತ್ತುವುದು. ಮೊದಲ ಹತ್ತು ಜನ ಯಾವ ಕ್ರಮದಲ್ಲಿ ಹೊರಟಿದ್ದರೋ ಅದೇ ಕ್ರಮದಲ್ಲಿ ಬಂದು ಮುಟ್ಟಿದರು. ಫಾರ್ಮುಲಾ ಒನ್ ಇತಿಹಾಸದಲ್ಲಿ ಹಾಗಾಗಿದ್ದು ಅದೇ ಮೊದಲು. ವರ್ಸ್ಟಾಪನ್ ಅಂತೂ ರೇಸಿನ ನಡುವೆ ರೇಡಿಯೋದಲ್ಲಿ, ಬೋರಾಗುತ್ತಿದೆ, ದಿಂಬು ತರಬೇಕಿತ್ತು ಅಂದುಬಿಟ್ಟರು. ಕಾರು ಓಡಿಸುತ್ತಿರುವವನಿಗೇ ನಿದ್ದೆ ಬಂದರೆ ಸೋಫಾ ಮೇಲೆ ಕೂತವರ ಗತಿ ಏನು?

ಕಾರಣ ಗುಟ್ಟೇನಲ್ಲ. 2008ರಲ್ಲಿ ಚಾಲಕನೂ ಸೇರಿ ಕನಿಷ್ಠ 605 ಕಿಲೋ ಇದ್ದ ಕಾರು 2025ರ ಹೊತ್ತಿಗೆ 800 ಕಿಲೋ ಆಗಿತ್ತು. ಎರಡು ಮೀಟರ್ ಅಗಲ, ಐದು ಮೀಟರಿಗೂ ಜಾಸ್ತಿ ಉದ್ದ. ರಸ್ತೆ ಮಾತ್ರ ಅದೇ ಹಳೇ ಊರಿನ ರಸ್ತೆ. ಅದನ್ನು ಅಗಲ ಮಾಡೋಣ ಅಂದರೆ ಒಂದು ಕಡೆ ಕಟ್ಟಡ, ಇನ್ನೊಂದು ಕಡೆ ಸಮುದ್ರ. ಆ ಸಮುದ್ರ ಸ್ಟಿಕರ್ ಅಲ್ಲ, ಕಿತ್ತು ಬೇರೆ ಕಡೆ ಅಂಟಿಸೋಕೆ ಆಗುವುದಿಲ್ಲ.

ಹಾಗಾದರೆ ಏನು ಮಾಡಿದರು? ಹೊಸ ನಿಯಮ ತಂದರು! 2025ರಲ್ಲಿ ಮೊನಾಕೋಗೆ ಮಾತ್ರ ಅಂತ, ಎಲ್ಲರೂ ಎರಡು ಸಲ ಪಿಟ್‌ಗೆ ಬರಲೇಬೇಕು ಅಂತ ಆಯಿತು. ತಂಡದವರು ನಿಯಮ ಓದಿದರು, ಅದರ ಸಂದಿಯನ್ನೂ ಓದಿದರು. ಒಂದೇ ತಂಡದ ಎರಡು ಕಾರುಗಳಲ್ಲಿ ಹಿಂದಿನದು ಬೇಕಂತಲೇ ನಿಧಾನ ಹೋಗುವುದು, ಅದರ ಹಿಂದೆ ಇಡೀ ಸಾಲು ಒದ್ದಾಡುವುದು, ಅಷ್ಟರಲ್ಲಿ ಮುಂದಿನವನು ಆರಾಮಾಗಿ ಪಿಟ್‌ಗೆ ಹೋಗಿ ಜಾಗ ಕಳೆದುಕೊಳ್ಳದೆ ವಾಪಸ್ ಬರುವುದು. ಲೋಕದಲ್ಲೇ ಅತಿ ವೇಗದ ಕಾರುಗಳು ನಿಧಾನ ಹೋಗುವುದರಲ್ಲಿ ಸ್ಪರ್ಧೆಗೆ ಬಿದ್ದವು. ಜಾರ್ಜ್ ರಸೆಲ್‌ಗೆ ತಲೆ ಕೆಟ್ಟು ತಿರುವನ್ನೇ ಬಿಟ್ಟು ಅಡ್ಡಹಾಯ್ದು ಮುಂದಿನ ಕಾರನ್ನು ದಾಟಿಬಿಟ್ಟರು, ಶಿಕ್ಷೆ ಬರುತ್ತದೆ ಅಂತ ಗೊತ್ತಿದ್ದೂ. ಬಂತು ಕೂಡ. ಇಷ್ಟೆಲ್ಲ ಆದಮೇಲೆ ಮೊದಲ ನಾಲ್ಕು ಜನ? ಹೊರಟ ಕ್ರಮದಲ್ಲೇ ಮುಟ್ಟಿದರು.

ರೇಸ್ ಸಪ್ಪೆಯಾದಾಗೆಲ್ಲ ಇವರು ಟ್ರ್ಯಾಕಿನ ಕಡೆ ನೋಡುವುದಿಲ್ಲ, ಅದರ ಮೇಲೆ ಏನು ಉದುರಿಸಬಹುದು ಅಂತ ನೋಡುತ್ತಾರೆ. ಇದು ನಾನು ಮಾಡಿದ ಅಲಂಕಾರವಲ್ಲ. 2011ರಲ್ಲಿ ಬರ್ನಿ ಎಕ್ಲೆಸ್ಟೋನ್, ಅಂದರೆ ಆಗ ಇಡೀ ಫಾರ್ಮುಲಾ ಒನ್ ವ್ಯಾಪಾರ ನಡೆಸುತ್ತಿದ್ದವರು, ಕೃತಕ ಮಳೆ ಸುರಿಸೋಣ ಅಂತ ಗಂಭೀರವಾಗಿಯೇ ಸಲಹೆ ಕೊಟ್ಟಿದ್ದರು. ಮಳೆ ಬರಲಿಲ್ಲ. ಅದೇ ವರ್ಷ ಡಿಆರ್‌ಎಸ್ ಬಂತು: ಮುಂದಿನ ಕಾರಿಗೆ ಒಂದು ಸೆಕೆಂಡಿಗಿಂತ ಹತ್ತಿರ ಇದ್ದರೆ, ಅವರು ಗುರುತು ಮಾಡಿದ ಜಾಗದಲ್ಲಿ ತನ್ನ ಕಾರಿನ ಹಿಂದಿನ ರೆಕ್ಕೆ ತೆರೆದು ವೇಗ ಹೆಚ್ಚಿಸಿಕೊಳ್ಳಬಹುದಿತ್ತು, 2025ರವರೆಗೂ ಇದೇ ನಡೆಯಿತು. ನೆಟ್ಟಗಿನ ರಸ್ತೆಯ ಅರ್ಧದಲ್ಲೇ ಒಬ್ಬ ಇನ್ನೊಬ್ಬನನ್ನು ದಾಟಿ ಹೋಗುತ್ತಿದ್ದ, ಮುಂದಿದ್ದವನು ಕೈಕಟ್ಟಿ ನೋಡುತ್ತಿದ್ದ. ಲೆಕ್ಕಕ್ಕೆ ಓವರ್‌ಟೇಕ್. ನೋಡಿದವನ ಎದೆ ಒಂದು ಬಡಿತವೂ ಜಾಸ್ತಿ ಬಡಿಯುತ್ತಿರಲಿಲ್ಲ.

ಈಗ ಬ್ರೆಜಿಲ್‌ನ ಇಂಟರ್‌ಲಾಗೋಸ್ ನೋಡಿ. 4.309 ಕಿಲೋಮೀಟರ್, 1940ರಲ್ಲಿ ಶುರುವಾದದ್ದು. ಜುಂಕಾವ್ ಅಂತ ಒಂದು ನಿಧಾನದ ಎಡ ತಿರುವು. ಅಲ್ಲಿಂದ ಏರು, ಏರುತ್ತ ಏರುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದೇ ಸಾಗುವ ಉದ್ದ ದಾರಿ, ಆಮೇಲೆ ತಟಕ್ಕನೆ ಬ್ರೇಕ್ ಹಾಕಿ ಎಡಕ್ಕೆ ಬಲಕ್ಕೆ ಇಳಿಯಬೇಕು. ಜುಂಕಾವ್‌ನಲ್ಲಿ ಒಂಚೂರು ತಪ್ಪಿದರೆ ಆ ಇಡೀ ಏರಿನಲ್ಲಿ ಹಿಂದಿನವನು ಹತ್ತಿರ ಬರುತ್ತಲೇ ಇರುತ್ತಾನೆ. ಕೆಳಗೆ ದಾಟಿಸಿಕೊಂಡರೂ ಮುಗಿಯಲಿಲ್ಲ, ಮುಂದೆಯೇ ಇನ್ನೊಂದು ನೆಟ್ಟಗಿನ ದಾರಿ ಇದೆ, ಅದರ ಕೊನೆಯಲ್ಲಿ ವಾಪಸ್ ಕಿತ್ತುಕೊಳ್ಳಬಹುದು. 2008ರಲ್ಲಿ ಕೊನೆಯ ಲ್ಯಾಪಿನಲ್ಲಿ, ಮಳೆಯಲ್ಲಿ, ಒಣ ರಸ್ತೆಯ ಟೈರಿನಲ್ಲೇ ಜಾರುತ್ತಿದ್ದ ಗ್ಲಾಕ್‌ನನ್ನು ಹ್ಯಾಮಿಲ್ಟನ್ ದಾಟಿ ಒಂದೇ ಒಂದು ಪಾಯಿಂಟಿನಿಂದ ಚಾಂಪಿಯನ್ ಆದದ್ದು ಇದೇ ಜುಂಕಾವ್‌ನಲ್ಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇಂಟರ್‌ಲಾಗೋಸ್‌ನಲ್ಲಿ ನೆಲ ಡೊಂಕಾಗಿರುವುದರಿಂದಲೇ ಕುಣಿತ ನೋಡಲು ಚೆಂದ.

ಹೊಸ ಟ್ರ್ಯಾಕುಗಳಲ್ಲಿ ಈ ಡೊಂಕನ್ನೆಲ್ಲ ಇಸ್ತ್ರಿ ಮಾಡಿ, ಅಂಚಿನಲ್ಲಿ ಎಕರೆಗಟ್ಟಲೆ ಡಾಂಬರು ಸುರಿದು, ಬಣ್ಣ ಹೊಡೆದಿರುತ್ತಾರೆ. ತಿರುವು ತಪ್ಪಿದವನು ಆ ಬಣ್ಣದ ಮೇಲೆ ಒಂದು ಸುತ್ತು ಹಾಕಿ, ಏನೂ ಆಗದವನ ಹಾಗೆ ವಾಪಸ್ ಬರುತ್ತಾನೆ. ಸುರಕ್ಷತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪಿಗೆ ಬೆಲೆಯೇ ಇಲ್ಲದಿದ್ದರೆ ಬೆಲೆ ಕಟ್ಟಲು ಗುಮಾಸ್ತರು ಬೇಕಾಗುತ್ತಾರೆ. 2023ರ ಆಸ್ಟ್ರಿಯಾ ರೇಸಿನಲ್ಲಿ ಟ್ರ್ಯಾಕಿನ ಅಂಚಿನ ಬಿಳಿ ಗೆರೆ ದಾಟಿದರಾ ಇಲ್ಲವಾ ಅಂತ ಅಧಿಕಾರಿಗಳು ಪರಿಶೀಲಿಸಬೇಕಾದ ಪ್ರಕರಣಗಳು 1200ಕ್ಕೂ ಹೆಚ್ಚು! ರೇಸ್ ಮುಗಿದು, ಶಾಂಪೇನ್ ಚೆಲ್ಲಿ, ಜನ ಮನೆ ಕಡೆ ಹೊರಟ ಮೇಲೂ ವಿಡಿಯೋ ನೋಡುತ್ತಲೇ ಇದ್ದರು, ಗಂಟೆಗಟ್ಟಲೆ ಆದಮೇಲೆ ಫಲಿತಾಂಶ ಬದಲಾಯಿತು. ಮರುವರ್ಷ ಕೊನೆಯ ಎರಡು ತಿರುವುಗಳ ಅಂಚಿಗೆ ಒಂದಿಷ್ಟು ಜಲ್ಲಿ ಸುರಿದರು. ಗೆರೆ ದಾಟುವ ಚಟ ಅಲ್ಲಿ ತಾನಾಗಿ ನಿಂತಿತು. ಕ್ಯಾಮೆರಾ, ಕಂಪ್ಯೂಟರ್, ಸಮಿತಿ ಸೇರಿ ಮಾಡಲಾಗದ್ದನ್ನು ಒಂದು ಲೋಡ್ ಕಲ್ಲು ಮಾಡಿತು.

ಇದರರ್ಥ ಹೊಸದೆಲ್ಲ ಕೆಟ್ಟದ್ದು ಅಂತಲ್ಲ. 2023ರ ಲಾಸ್ ವೇಗಸ್‌ನಲ್ಲಿ ಮೊದಲ ಅಭ್ಯಾಸ ಶುರುವಾಗಿ ಎಂಟೊಂಬತ್ತು ನಿಮಿಷಕ್ಕೇ ರಸ್ತೆಯ ಮುಚ್ಚಳ ಎದ್ದು ಚಾಲಕ ಕಾರ್ಲೋಸ್ ಸೈನ್ಸ್‌ನ ಫೆರಾರಿ ಚಿಂದಿಯಾಯಿತು, ಮುಚ್ಚಳ ಹಾಕಿದವರ ತಪ್ಪಿಗೆ ಆತನಿಗೆ ರೇಸ್ ಹೊರಡುವ ಸಾಲಿನಲ್ಲಿ ಹತ್ತು ಸ್ಥಾನ ಹಿಂದೆ ಸರಿಯುವ ಶಿಕ್ಷೆ ಬಿತ್ತು, ಮಧ್ಯರಾತ್ರಿ ಕಳೆದ ಮೇಲೆ ಎರಡನೇ ಅಭ್ಯಾಸ ಶುರುವಾಗುವ ಮೊದಲೇ ಟಿಕೆಟ್ ಕೊಟ್ಟು ಬಂದ ಜನರನ್ನು ಹೊರಗೆ ಕಳಿಸಿದರು. ಇಷ್ಟಾದರೂ ರೇಸ್ ಮಾತ್ರ ಭರ್ಜರಿ. ಉದ್ದದ ರಸ್ತೆ, ಕೊನೆಗೆ ಜೋರು ಬ್ರೇಕ್, ಚಳಿಗೆ ಹಿಡಿತ ಸಿಗದ ಟೈರು. ಕೊನೆಯ ಲ್ಯಾಪಿನಲ್ಲೂ ಲೆಕ್ಲೆರ್ ಎರಡನೇ ಸ್ಥಾನ ಕಿತ್ತುಕೊಂಡ. ದೀಪಾಲಂಕಾರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ, ಆದರೆ ಹೊಗಳಿಕೆ ಸಿಕ್ಕಿದ್ದು ದೀಪಕ್ಕೇ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಬಹ್ರೇನ್ ಕಥೆ. 2010ರಲ್ಲಿ ಇದ್ದ ಟ್ರ್ಯಾಕಿಗೆ ಇನ್ನೊಂದಿಷ್ಟು ತಿರುವು ಮುರುವು ಸೇರಿಸಿ 6.299 ಕಿಲೋಮೀಟರ್ ಮಾಡಿದರು. ತಿರುವು ಜಾಸ್ತಿ ಆದಷ್ಟೂ ಮಜಾ ಜಾಸ್ತಿ ಅನ್ನುವ ಲೆಕ್ಕ. ರೇಸ್ ಮೆರವಣಿಗೆ ಆಯಿತು, ಸೇರಿಸಿದ್ದನ್ನು ಸದ್ದಿಲ್ಲದೆ ಕೈಬಿಟ್ಟರು. 2020ರಲ್ಲಿ ಅದೇ ಜಾಗದಲ್ಲಿ ಒಳಗಿನ ತಿರುವುಗಳನ್ನೆಲ್ಲ ಬಿಟ್ಟು ಹೊರಗಿನ 3.543 ಕಿಲೋಮೀಟರ್ ಸುತ್ತಿನಲ್ಲಿ ಓಡಿಸಿದರು. ಒಂದು ನಿಮಿಷವೂ ಬೇಡ ಒಂದು ಲ್ಯಾಪಿಗೆ. ಇದೇನು ಮಕ್ಕಳಾಟ ಅಂತ ಮೂಗು ಮುರಿದವರು ಬಹಳ. ಮೊದಲ ಲ್ಯಾಪಿನಲ್ಲಿ ಗುದ್ದಿಸಿಕೊಂಡು ಕಟ್ಟಕಡೆಗೆ ಬಿದ್ದ ಪೆರೆಸ್ ಒಬ್ಬೊಬ್ಬರನ್ನೇ ದಾಟುತ್ತ ಬಂದು ತನ್ನ ಮೊದಲ ರೇಸ್ ಗೆದ್ದ, ಮುಂದಿದ್ದ ಮರ್ಸಿಡಿಸ್ ತಂಡ ಗಡಿಬಿಡಿಯಲ್ಲಿ ಒಂದು ಕಾರಿನ ಟೈರುಗಳನ್ನು ಇನ್ನೊಂದಕ್ಕೆ ಹಾಕಿ ಎಡವಟ್ಟು ಮಾಡಿಕೊಂಡಿತು, ನೋಡಿದವರು ವರ್ಷಗಟ್ಟಲೆ ಮಾತಾಡಿದರು.

ಇಷ್ಟು ಚೆನ್ನಾಗಿ ಆದಮೇಲೆ ಮುಂದಿನ ವರ್ಷ ಅದೇ ಸುತ್ತಿನಲ್ಲಿ ಮತ್ತೆ ಓಡಿಸಿರಬೇಕು ಅಲ್ವಾ? ಇಲ್ಲ. ಸಲೀಸಾಗಿ ಹಳೇ ದಾರಿಗೆ ವಾಪಸ್ಸಾದರು.