ಖರೇ ಕಮಾಯಿ, ಖೊಟ್ಟಿ ಲೆಕ್ಕ

ಮಗನ ಶಾಲೆಯ ಸ್ಕೌಟ್ ದಳದ ವಾರ್ಷಿಕ ವರದಿ ಮೊನ್ನೆ ಮನೆಗೆ ಬಂತು. ಒಟ್ಟು 12 ಪುಟ, ಅದರಲ್ಲಿ 9 ಪುಟ ಬರೀ ಫೋಟೊ. ಇಷ್ಟು ಫೋಟೊಗಳಲ್ಲಿ ಹುಡುಗರು ಕಾಣುವುದು ಎರಡೇ ಕಡೆ. ಒಂದರಲ್ಲಿ ಬೆನ್ನು. ಇನ್ನೊಂದರಲ್ಲಿ ಅತಿಥಿಗಳ ಶಾಲಿನ ಹಿಂದೆ ಒಂದು ಕಿವಿ. ಆ ಕಿವಿ ನಮ್ಮವನದೇ ಅಂತ ಮನೆಯವಳು ಹಟ ಹಿಡಿದಿದ್ದಾಳೆ. ಹೆತ್ತವಳು ಅಲ್ವಾ, ಇದ್ದರೂ ಇರಬಹುದು.

ಓದುತ್ತಾ ಹೋದ ಹಾಗೆ ನಾಚಿಕೆಯಾಯಿತು. ನಾನು ಇದೇ ವಿಜಯಪುರದಲ್ಲಿ ಇದ್ದೂ ಇದ್ಯಾವುದೂ ಗೊತ್ತಾಗಲೇ ಇಲ್ಲವಲ್ಲ! ಮೂರನೇ ಪುಟದಲ್ಲಿ 'ಪ್ರಥಮ ಚಿಕಿತ್ಸೆ ಪ್ರಾತ್ಯಕ್ಷಿಕೆ, ಯಶಸ್ವಿ' ಅಂತ ಇತ್ತು. ಇದು ಯಾವಾಗ ಆಯ್ತೋ ಅಂತ ಮಗನನ್ನು ಕೇಳಿದೆ.

"ಅದಾ? ಅವತ್ತ ಗೈಡ್ಸ್ ಹುಡಿಗಿ ಬಿಸಲಾಗ ಚಕ್ಕರ್ ಬಂದು ಬಿದ್ದಳಲ್ಲಪ್ಪಾ, ಅದು" ಅಂದ.

ಅವತ್ತು ನಾನೂ ಅಲ್ಲಿದ್ದೆ. ಕಾರ್ಯಕ್ರಮ ಇದ್ದದ್ದು ಹತ್ತಕ್ಕೆ. ಹುಡುಗರಿಗೆ ಎಂಟಕ್ಕೇ ಬರಲು ಹೇಳಿದ್ದರು. ಮುಖ್ಯ ಅತಿಥಿ ಬಂದದ್ದು ಹನ್ನೆರಡೂವರೆಗೆ. ಬೂದು ಅಂಗಿ, ಕಡುನೀಲಿ ಪ್ಯಾಂಟು, ಕೊರಳಲ್ಲಿ ಸ್ಕಾರ್ಫು, ತಲೆ ಮೇಲೆ ಟೋಪಿ ಹಾಕಿಕೊಂಡು ಗೇಟಿನಿಂದ ವೇದಿಕೆವರೆಗೆ ಎರಡು ಸಾಲು. ಸ್ಕೌಟ್‌ಗಳ ಧ್ಯೇಯವಾಕ್ಯ 'ಸಿದ್ಧರಾಗಿರು'. ಎಷ್ಟು ಹೊತ್ತು ಅಂತ ಅದರಲ್ಲಿ ಬರೆದಿಲ್ಲ. ನಾಲ್ಕೂವರೆ ತಾಸು ಸಿದ್ಧರಾಗಿದ್ದ ಮೇಲೆ ಒಬ್ಬ ಹುಡುಗಿ ಸಿದ್ಧತೆ ಸಾಕಾಗಿ ನೆಲಕ್ಕೆ ಬಿದ್ದಳು.

ಆಮೇಲೆ ನಡೆದದ್ದು ನೋಡಬೇಕಿತ್ತು. ದೊಡ್ಡವರೆಲ್ಲ "ನೀರು, ನೀರು" ಅಂತ ಕೂಗಿದರು. ಯಾರೂ ಕಾಲು ಕೀಳಲಿಲ್ಲ. ಪಕ್ಕದ ಇಬ್ಬರು ಹುಡುಗಿಯರು ಒಂದೂ ಮಾತಾಡದೆ ಅವಳನ್ನು ಬೇವಿನ ಮರದ ನೆರಳಿಗೆ ಎತ್ತಿಕೊಂಡು ಹೋದರು. ಪಾಟಿಚೀಲದ ಮೇಲೆ ಅವಳ ಕಾಲು ಎತ್ತಿಟ್ಟರು. ಒಬ್ಬಳು ಕೊರಳಿನ ಸ್ಕಾರ್ಫು ಬಿಚ್ಚಿ, ಬಾಟಲಿ ನೀರಲ್ಲಿ ಅದ್ದಿ, ಹಣೆ ಮೇಲೆ ಹಾಕಿದಳು. ಆ ಸ್ಕಾರ್ಫು ಬರೀ ಅಂದಕ್ಕೆ ಇರುವುದಲ್ಲ. ಗಾಯಕ್ಕೆ ಪಟ್ಟಿ, ಮುರಿದ ಕೈಗೆ ಜೋಳಿಗೆ, ಎಲ್ಲಾ ಅದೇ. ಇಡೀ ವರ್ಷದಲ್ಲಿ ನಾನು ಕಣ್ಣಾರೆ ಕಂಡ ಅಪ್ಪಟ ಸ್ಕೌಟಿಂಗ್ ಅಂದರೆ ಆ ಐದು ನಿಮಿಷ. ಅದರ ಫೋಟೊ ಇಲ್ಲ. ಫೋಟೊದವನು ಗೇಟಿನಲ್ಲಿ ಕಾರು ಕಾಯುತ್ತಿದ್ದ.

ಕಾರು ಬಂತು. ಅತಿಥಿಗಳು ಇಳಿದರು. ಸಾಲಿನಲ್ಲಿ ಮೊದಲು ನಿಂತವನು ನಮ್ಮ ಮಗ, ಯಾಕಂದರೆ ಅವನು ಪೆಟ್ರೋಲ್ ಲೀಡರ್. (ಸ್ಕೌಟ್‌ನಲ್ಲಿ ಆರೆಂಟು ಹುಡುಗರ ಗುಂಪಿಗೆ ಪೆಟ್ರೋಲ್ ಅಂತಾರೆ. ನಮ್ಮವ್ವ ಮಾತ್ರ ಮೊಮ್ಮಗ ಬಂಕಿನಲ್ಲಿ ಕೆಲಸಕ್ಕೆ ಸೇರಿದ ಅಂತ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.) ಅತಿಥಿಗಳು ಕೈ ಚಾಚಿದರು. ಇವನು ಕಲಿಸಿದ ಹಾಗೆ ಎಡಗೈ ಕೊಟ್ಟ.

ಸ್ಕೌಟ್‌ಗಳು ಕೈ ಕುಲುಕುವುದು ಎಡಗೈಯಲ್ಲೇ. ಅದಕ್ಕೆ ಆಫ್ರಿಕಾದ ಅಶಾಂತಿ ಯೋಧರ ಕತೆ ಹೇಳುತ್ತಾರೆ. ಗುರಾಣಿ ಇರುವುದು ಎಡಗೈಯಲ್ಲಿ. ಅದನ್ನು ಕೆಳಗಿಟ್ಟು ಆ ಕೈ ಕೊಟ್ಟರೆ, ನಿನ್ನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ ಎಂದು ಅರ್ಥ. ಎಷ್ಟು ಚಂದ ಅಲ್ವಾ? ಆದರೆ ನಮ್ಮ ಕಡೆ ಎಡಗೈಯಲ್ಲಿ ಪ್ರಸಾದ ತಗೊಂಡರೂ ಬೆನ್ನಿಗೆ ಗುದ್ದು ಬೀಳುತ್ತದೆ.

"ಏನೋ ತಮ್ಮಾ, ಎಡಗೈ ಕೊಡ್ತಿ?" ಅಂದರು ಅತಿಥಿಗಳು.

"ತಪ್ಪಾತ್ರಿ ಸಾಹೇಬ್ರ, ಸಣ್ಣ ಹುಡುಗ" ಅಂದರು ಶಾಲೆಯ ಸ್ಕೌಟ್ ಸರ್. ಅದನ್ನು ಕಲಿಸಿದವರೂ ಅವರೇ.

ಮುಂದಿನ ವಾರ ಹೊಸ ನಿಯಮ ಬಂತು. ಗೆಸ್ಟ್ ಬಂದರೆ ಬಲಗೈ, ನಮ್ಮ ನಮ್ಮೊಳಗೆ ಎಡಗೈ. ರಾತ್ರಿ ಊಟಕ್ಕೆ ಕೂತಾಗ ಮಗ ಕೇಳಿದ: "ಅಪ್ಪಾ, ಹಂಗಾದ್ರ ಗೆಸ್ಟ್ ಮ್ಯಾಲ ನಮಗ ನಂಬಿಗಿ ಇಲ್ಲಂತ ಅರ್ಥ ಏನು?" ನಾನು ರೊಟ್ಟಿ ಮುರಿದು ಸುಮ್ನಾದೆ.

ಈ ಸಾಲು ನಿಲ್ಲಿಸುವ ಚಾಳಿ ನೋಡಿದಾಗೆಲ್ಲ ಆನಿ ಬೆಸೆಂಟ್ ನೆನಪಾಗುತ್ತಾರೆ. ಬಿಳಿಯರ ಸ್ಕೌಟ್ ದಳಗಳಲ್ಲಿ ಈ ನೆಲದ ಹುಡುಗರಿಗೆ ಜಾಗ ಇಲ್ಲದ ಕಾಲದಲ್ಲಿ, 1917ರಲ್ಲಿ, ಅವರು ಮದರಾಸಿನಲ್ಲಿ ನಮ್ಮ ಹುಡುಗರಿಗಾಗಿಯೇ ಬೇರೆ ಸ್ಕೌಟ್ ಸಂಘ ಕಟ್ಟಿದರು. ಆಗ ನಮ್ಮ ಹುಡುಗರನ್ನು ಬಾಗಿಲ ಒಳಗೆ ಬಿಡುತ್ತಿರಲಿಲ್ಲ. ಈಗ ಬಾಗಿಲಲ್ಲೇ ನಿಲ್ಲಿಸುತ್ತೇವೆ, ಕೈಯಲ್ಲಿ ಹೂವಿನ ತಟ್ಟೆ ಕೊಟ್ಟು.

ಶಿಬಿರದ ವಿಷಯ ಬೇಗ ಮುಗಿಸುತ್ತೇನೆ, ಯಾಕಂದರೆ ಅದರಲ್ಲಿ ನನ್ನ ತಪ್ಪೂ ಇದೆ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸಿ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋದರು. ಸಾಹುಕಾರರ ಮಕ್ಕಳು, ಕೂಲಿಯವರ ಮಕ್ಕಳು, ಎಲ್ಲಾ ಒಂದೇ ಕಡೆ ಡೇರೆ ಹಾಕಿ ಮಲಗಿದರು. ಈ ಚಳವಳಿ ಶುರುವಾದದ್ದೇ ಅಲ್ಲಿಂದ. ನಮ್ಮ ಶಿಬಿರ ನಡೆದದ್ದು ಶಾಲೆಯ ಹಾಲ್‌ನಲ್ಲಿ, ಫ್ಯಾನಿನ ಕೆಳಗೆ. ಮೈದಾನದಲ್ಲಿ ಹಾವು ಚೇಳು ಬಂದರೆ ಜವಾಬ್ದಾರಿ ಯಾರದು ಅಂತ ಪಾಲಕರು ಚೀಟಿ ಬರೆದಿದ್ದರು. ಆ ಚೀಟಿಯಲ್ಲಿ ನನ್ನ ಸಹಿಯೂ ಇದೆ. ಟೈಲ್ಸ್ ನೆಲದಲ್ಲಿ ಗೂಟ ಹೊಡೆಯುವುದು ಹೇಗೆ? ಹುಡುಗರು ಡೇರೆಯ ಹಗ್ಗವನ್ನು ಬೆಂಚಿನ ಕಾಲಿಗೆ ಕ್ಲೋವ್ ಹಿಚ್ ಹಾಕಿ ಬಿಗಿದರು. ಗಂಟು ಅಷ್ಟು ಗಟ್ಟಿ ಕೂತಿತ್ತು, ನಡುರಾತ್ರಿ ಡೇರೆ ಜಗ್ಗಿ ಬೆಂಚುಗಳೇ ಜರುಗಿ ಬಂದವು. ಎಲ್ಲಾ ಕುಸಿದು ಹುಡುಗರ ಮೇಲೆ. ವರದಿಯಲ್ಲಿ ಇದು 'ವಿಪತ್ತು ನಿರ್ವಹಣೆ ತರಬೇತಿ'.

ಇನ್ನು ದುಡ್ಡಿನ ಮಾತು. ಸ್ಕೌಟ್‌ನಲ್ಲಿ 'ಖರಿ ಕಮಾಯಿ' ಅಂತ ಒಂದಿದೆ. ಹುಡುಗ ತನ್ನ ಮೈ ಬಗ್ಗಿಸಿ ದುಡಿದು ನಾಲ್ಕು ಕಾಸು ಗಳಿಸಬೇಕು, ಬೆವರಿನ ಬೆಲೆ ತಿಳಿಯಲಿ ಅಂತ. ಹೆಸರು ಹಿಂದಿಯದು. ನಮ್ಮ ಕಡೆಗೆ ಬಂದು 'ಖರೇ ಕಮಾಯಿ' ಆಗಿದೆ. ಖರೇ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಖೊಟ್ಟಿ ಅಂದರೆ ಏನು ಅಂತಂತೂ ಬೇಡವೇ ಬೇಡ.

ನವೆಂಬರ್ 7 ಧ್ವಜ ದಿನ. ಬಿಡಿಬಿಡಿಯಾಗಿದ್ದ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ಅದೇ ದಿನ. ಆ ನೆನಪಿಗೆ ಸ್ಟಿಕ್ಕರ್ ಮಾರುತ್ತಾರೆ. ಮಗನಿಗೆ ಶಾಲೆಯಲ್ಲಿ 20 ಸ್ಟಿಕ್ಕರ್ ಕೊಟ್ಟು, ಒಂದೂ ವಾಪಸ್ ತರಬಾರದು ಅಂತ ಹೇಳಿ ಕಳಿಸಿದ್ದರು. ಅವನು ಓಣಿ ಸುತ್ತಿದ. ಓಣಿಯಲ್ಲಿ ಮನೆಗೊಬ್ಬ ಸ್ಕೌಟ್ ಇಲ್ಲವೇ ಗೈಡ್, ಎಲ್ಲರ ಕೈಯಲ್ಲೂ 20 ಸ್ಟಿಕ್ಕರ್. ಎಲ್ಲರೂ ಮಾರುವವರೇ ಆದರೆ ಕೊಳ್ಳುವವರು ಯಾರು? ಅವ್ವ ಒಂದು ತಗೊಂಡು ಫ್ರಿಜ್ಜಿಗೆ ಅಂಟಿಸಿದಳು. ಉಳಿದ 19 ನನ್ನ ಅಂಗಿ ಕಿಸೆಗೆ ಬಂದವು.

ಆಫೀಸಿಗೆ ಒಯ್ದೆ. ಪಕ್ಕದ ಟೇಬಲ್‌ನವರ ಹತ್ತಿರ ಹೋಗಿ, ರೀ ಒಂದು ಹತ್ತು ತಗೋರಿ ಅಂದೆ. ಅವರು ನಕ್ಕು ಡ್ರಾವರ್ ಎಳೆದರು. ಒಳಗೆ ಅವರ ಮಗಳ 20 ಸ್ಟಿಕ್ಕರ್ ಇದ್ದವು. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ನಾನು ಅವರದು ಹತ್ತು ಕೊಂಡೆ, ಅವರು ನನ್ನದು ಹತ್ತು ಕೊಂಡರು. ಹಣ ಕೈ ಬದಲಾಗುವ ಗೋಜೇ ಇಲ್ಲ. ಸಂಜೆ ಇಬ್ಬರೂ ನಮ್ಮ ನಮ್ಮ ಕಿಸೆಯಿಂದಲೇ ತೆಗೆದು ಮಕ್ಕಳ ಕೈಗೆ ಕೊಟ್ಟೆವು. ನನ್ನ ಸ್ಕೂಟರ್ ಈಗ ಮುಂದಿನಿಂದ ನೋಡಿದರೆ ಸ್ಕೌಟ್ ಕಚೇರಿಯ ಹಾಗೆ ಕಾಣುತ್ತದೆ. ವರದಿಯಲ್ಲಿ 'ಸಾರ್ವಜನಿಕರಿಂದ ಅಭೂತಪೂರ್ವ ಸ್ಪಂದನೆ'. ಆ ಸಾರ್ವಜನಿಕ ನಾನೇ, ಓದಿ ಸ್ವಲ್ಪ ಹೆಮ್ಮೆಯೂ ಆಯಿತು.

ಆದರೆ ನನಗೆ ನಿಜವಾಗಿ ಬೆರಗು ಹುಟ್ಟಿಸಿದ್ದು ಶರಬತ್ತಿನ ಲೆಕ್ಕ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದಲ್ಲ, ಅಲ್ಲಿ ಹುಡುಗರಿಂದ ಲಿಂಬಿ ಶರಬತ್ತಿನ ಅಂಗಡಿ ಹಾಕಿಸಿದರು. ಲಿಂಬಿ ನಮ್ಮ ಜಿಲ್ಲೆಯ ಇಂಡಿ ಊರಿನದು, ಅದರ ಬಗ್ಗೆ ಮಾತೇ ಇಲ್ಲ, ಹೆಸರಾದ ಹಣ್ಣು. ಆದರೆ ಜನವರಿಯ ಸಂಜೆ, ಮೈ ಮೇಲೆ ಸ್ವೆಟರ್ ಹಾಕಿಕೊಂಡು, ಐಸ್ ಹಾಕಿದ ಶರಬತ್ತು ಯಾರು ಕುಡಿಯುತ್ತಾರೆ? ಪಕ್ಕದ ಚಹಾದವನ ಮುಂದೆ ಸಾಲು. ನಮ್ಮ ಹುಡುಗರೂ ನಡುನಡುವೆ ಅಲ್ಲೇ ಹೋಗಿ ನಿಲ್ಲುತ್ತಿದ್ದರು.

ಖರ್ಚು ಹೀಗೆ: ಫ್ಲೆಕ್ಸ್ ಬ್ಯಾನರ್‌ಗೆ 1,400 ರೂಪಾಯಿ. ಪೆಂಡಾಲು, ಟೇಬಲ್ಲು 900. ಲಿಂಬಿ, ಸಕ್ಕರೆ 520. ಐಸ್ 200. ಒಟ್ಟು 3,020. ಬಂದದ್ದು 740. ಬ್ಯಾನರ್ ಮೇಲೆ ಏಳು ಮಂದಿ ಹಿರಿಯರ ಫೋಟೊ ಇತ್ತು, ಲಿಂಬಿಯ ಚಿತ್ರ ಒಂದೂ ಇರಲಿಲ್ಲ. ಅಲ್ಲಿ ಏನು ಮಾರುತ್ತಿದ್ದಾರೆ ಅಂತ ಜನಕ್ಕೆ ತಿಳಿಯುವುದಾದರೂ ಹೇಗೆ? ಆ ಬ್ಯಾನರ್ ಕಟ್ಟುವಾಗ ಹುಡುಗರು ಕಲಿತ ಗಂಟುಗಳೆಲ್ಲ ಉಪಯೋಗಕ್ಕೆ ಬಂದವು ಅನ್ನುವುದು ಬೇರೆ ಮಾತು.

2,280 ರೂಪಾಯಿ ನಷ್ಟ. ಅದನ್ನು 24 ಪಾಲಕರು ತಲೆಗೆ 95ರಂತೆ ಹಂಚಿಕೊಂಡೆವು. ಇಲ್ಲಿವರೆಗೆ ನನಗೂ ಅರ್ಥವಾಗುತ್ತದೆ. ವರದಿ ನೋಡಿದರೆ ಜಮಾ ಬದಿಯಲ್ಲಿ ಹೀಗಿದೆ: ಶರಬತ್ತು 740, ಪಾಲಕರ ದೇಣಿಗೆ 2,280, ಒಟ್ಟು ಸಂಗ್ರಹ 3,020. ನಷ್ಟ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಜಮಾ ಬದಿಯಲ್ಲಿ ಬಂದು ಕೂತಿದೆ. ಸ್ಕೌಟ್ ನಿಯಮ ಒಂಬತ್ತು, ಅದರಲ್ಲಿ ಮಿತವ್ಯಯವೂ ಒಂದು. ಇನ್ನಷ್ಟು ನಷ್ಟ ಮಾಡಿಕೊಂಡಿದ್ದರೆ ಸಂಗ್ರಹ ಇನ್ನೂ ಜಾಸ್ತಿ ಆಗುತ್ತಿತ್ತು. ಹುಡುಗರು ಚಹಾ ಮಾರಿದ್ದರೆ ದಳ ಮುಳುಗಿಹೋಗುತ್ತಿತ್ತು.

ಈ ಸಂಗ್ರಹಕ್ಕಾಗಿ ದುಡಿದವರಿಗೆ ಫೆಬ್ರವರಿ 22ರಂದು ಸನ್ಮಾನ. ಅದು ಬೇಡನ್ ಪೊವೆಲ್ ಹುಟ್ಟಿದ ದಿನ, ಜಗತ್ತಿನೆಲ್ಲೆಡೆ ಚಿಂತನಾ ದಿನ ಅಂತ ಆಚರಿಸುತ್ತಾರೆ. ನಮ್ಮಲ್ಲಿ ಶಾಲು, ಹಾರ, ಪೇಟ, ಗಾಜಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಗೋಳಗುಮ್ಮಟ. ಬ್ಯಾನರ್ ಮೇಲಿದ್ದ ಏಳು ಮಂದಿಯೇ ವೇದಿಕೆ ಮೇಲೆ. ಖರೇ ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರೆ. ಇಲ್ಲೂ ಹಾಗೇ ಆಯಿತು. ಮೊದಲಿನವರು "ಇಂದಿನ ಮಕ್ಕಳೇ ನಾಳಿನ ಪ್ರಜೆಗಳು" ಅಂದರು. ಉಳಿದ ಆರೂ ಮಂದಿ ಅದನ್ನೇ ಅಂದರು. ಇಂದಿನ ಮಕ್ಕಳು ಹಿಂದೆ ನಿಂತು ಕುರ್ಚಿ ಎಣಿಸುತ್ತಿದ್ದರು. ಬಾಡಿಗೆಯವನಿಗೆ ಲೆಕ್ಕ ಕೊಡಬೇಕಲ್ಲ.

ಸರ್ ಕೆಟ್ಟವರಲ್ಲ ಅಂತ ಇಲ್ಲಿ ಹೇಳಿಬಿಡುತ್ತೇನೆ. ವಿಜ್ಞಾನದ ಪಾಠ ಮುಗಿಸಿ, ಹಸಿದ ಹೊಟ್ಟೆಯಲ್ಲಿ ಸಂಜೆ ಹುಡುಗರಿಗೆ ಗಂಟು ಕಲಿಸುವ ಮನುಷ್ಯ. ಅವರ ಸೀಟಿಯೂ ಅವರದೇ ದುಡ್ಡಿನದು. ಅವರ ಕಷ್ಟ ಬೇರೆ: ಅವರಿಗೆ ಒಂದು ರಿಜಿಸ್ಟರ್ ಇದೆ, ಅದರಲ್ಲಿ ಕಾಲಂಗಳಿವೆ.

ಮಾರ್ಚ್‌ನಲ್ಲಿ ಒಂದು ಭಾನುವಾರ ಮಗ ಯಾರಿಗೂ ಹೇಳದೆ ಓಣಿಯ ಮೂರು ಬೈಕು ತೊಳೆದ. ನಮ್ಮ ಓಣಿಗೆ ಅವತ್ತು ನೀರು ಬಿಟ್ಟಿರಲಿಲ್ಲ. ಒಂದೇ ಬಕೆಟ್ ನೀರು, ನನ್ನ ಹಳೇ ಬನಿಯನ್ನು. ಮೊದಲು ಮೂರರದೂ ಟಾಕಿ ಒರೆಸಿದ, ಆಮೇಲೆ ಮೂರರದೂ ಮಡ್‌ಗಾರ್ಡು, ಕಟ್ಟಕಡೆಗೆ ಆ ರಾಡಿ ನೀರಲ್ಲಿ ಗಾಲಿ. ಬೈಕಿಗೆ 20ರಂತೆ 60 ರೂಪಾಯಿ ಸಿಕ್ಕಿತು. ಸೋಮವಾರ ಅದನ್ನು ಒಯ್ದು ಸರ್ ಟೇಬಲ್ ಮೇಲೆ ಇಟ್ಟ.

"ಏನೋ ಇದು?"

"ಖರೇ ಕಮಾಯಿ ಸರ."

ಸರ್ ರಿಜಿಸ್ಟರ್ ತೆಗೆದರು. ಹಾಳೆ ತಿರುವಿದರು. ಖರಿ ಕಮಾಯಿ ಕಾಲಂ ಸ್ಟಿಕ್ಕರ್, ಶರಬತ್ತಿನಲ್ಲೇ ತುಂಬಿ, ಕೆಳಗೆ ಗೆರೆ ಎಳೆದು, ಸಹಿ ಆಗಿ, ಸೀಲೂ ಬಿದ್ದಿತ್ತು.

"ಇದನ್ನ ಎಲ್ಲಿ ತೋರಸ್ಲೋ ತಮ್ಮಾ? ಟೋಟಲ್ ಕೂಡಂಗಿಲ್ಲ. ಇಟ್ಕೋ ನೀನ."

ಸಂಜೆ ಮಗ ತನ್ನ ಪೆಟ್ರೋಲ್‌ನ ಐದು ಹುಡುಗರನ್ನು ಕರೆದುಕೊಂಡು ಮೂಲೆಯ ಗಾಡಿಗೆ ಹೋದ. ಹತ್ತು ರೂಪಾಯಿಗೆ ಒಂದರಂತೆ ಆರು ಮಿರ್ಚಿ, ಬಿಸಿ ಬಿಸಿ. ನಾನು ಸ್ಕೂಟರ್ ಮೇಲೆ ಬರುತ್ತಾ ಕಂಡೆ. ತಿಂದು ಮುಗಿಸಿದ್ದರು. ಎಲ್ಲರ ಬಲಗೈಯಲ್ಲೂ ಎಣ್ಣೆ. ಮನೆಗೆ ಹೊರಡುವಾಗ ಒಬ್ಬರಿಗೊಬ್ಬರು ಎಡಗೈ ಕೊಟ್ಟರು.